ಕಡವಿಗೆ ದಡ ಎರಡು, ಆದೇಶ ಒಂದೇ ಇರಲಿ

ಕೊಡಗು ಮತ್ತು ಮೈಸೂರು ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲಾ ಪಂಚಾಯಿತಿಗಳಿಗೆ, ಅರಣ್ಯ ಇಲಾಖೆಗೆ, ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ, ಹಾಗೂ ಹೊಳೆ ದಾಟಲು ದೋಣಿ ಹತ್ತುವ ಎಲ್ಲರಿಗೆ

ಮಾನ್ಯರೇ,

ದುಬಾರೆಯಲ್ಲಿ ಕಾವೇರಿಯ ಈ ದಡ ನಂಜರಾಯಪಟ್ಟಣ ಗ್ರಾಮ ಪಂಚಾಯಿತಿಗೆ ಸೇರಿದ್ದು, ಆ ದಡ ಅರಣ್ಯ ಇಲಾಖೆಯ ಸಾಕಾನೆ ಶಿಬಿರ. ಕುಶಾಲನಗರಕ್ಕೆ ಬರುವಾಗ ಅದೇ ಹೊಳೆ ಜಿಲ್ಲೆಯ ಗಡಿಯಾಗಿರುತ್ತದೆ: ಇತ್ತ ಕೊಡಗು, ಸೇತುವೆ ದಾಟಿದರೆ ಕೊಪ್ಪ, ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಕುಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು ಕಣಿವೆಯ ಕಡೆಗೆ ಇಳಿಯುವಾಗಲೂ ಹಾಗೆಯೇ. ಇನ್ನೂ ದಕ್ಷಿಣಕ್ಕೆ, ಕುಟ್ಟದ ಆಚೆಯ ಕಬಿನಿಯಲ್ಲಿ, ಬೈರಕುಪ್ಪದಿಂದ ಪೆರಿಕ್ಕಲ್ಲೂರಿಗೆ ದೋಣಿ ಹತ್ತಿದವರು ಆ ದಡ ಮುಟ್ಟುವಷ್ಟರಲ್ಲಿ ಕರ್ನಾಟಕ ಬಿಟ್ಟು ಕೇರಳದಲ್ಲಿರುತ್ತಾರೆ.

ಒಂದು ಕಡೆ ಗಡಿ ಎರಡು ಇಲಾಖೆಗಳ ನಡುವಿನದು, ಇನ್ನೊಂದು ಕಡೆ ಎರಡು ಜಿಲ್ಲೆಗಳದು, ಮತ್ತೊಂದು ಕಡೆ ಎರಡು ರಾಜ್ಯಗಳದು. ತೊಂದರೆಯ ಬೇರು ಮಾತ್ರ ಒಂದೇ. ದೋಣಿ ಒಂದು, ಪ್ರಯಾಣ ಒಂದೆರಡು ನಿಮಿಷದ್ದು, ಅದರ ಮೇಲೆ ಅಧಿಕಾರ ಎರಡು. ನೀರು ಹೆಚ್ಚಿತೆಂದು ಒಂದು ದಡದವರು ದೋಣಿ ನಿಲ್ಲಿಸಿದರೆ ಇನ್ನೊಂದು ದಡದಲ್ಲಿ ಜನ ಕೂಡುತ್ತಲೇ ಇರುತ್ತಾರೆ. ಟಿಕೆಟ್ ಕೊಡುವವರು ಇಲ್ಲಿ, ಕತ್ತಲಾಗುವ ಮುಂಚೆ ಮನೆ ಸೇರಬೇಕೆಂದು ಆತುರಪಡುವವರು ಅಲ್ಲಿ. ಮೆಟ್ಟಿಲು ಪಾಚಿಗಟ್ಟಿದರೆ ಉಜ್ಜಿಸುವವರು ಯಾರು, ಲೈಫ್ ಜಾಕೆಟ್ಟಿನ ಪಟ್ಟಿ ಹರಿದರೆ ಬದಲಿಸುವವರು ಯಾರು, ದೋಣಿ ತುಂಬಿತು ಎಂದು ಹೇಳುವ ಕೊನೆಯ ಮಾತು ಯಾರದು ಎಂದು ಕೇಳಿದರೆ ಉತ್ತರ ದಡಕ್ಕೊಂದು ಸಿಗುತ್ತದೆ.

ನಾವು ಕೇಳುತ್ತಿರುವುದು ಇಷ್ಟು: ದೋಣಿಯಲ್ಲಿ ಹೊಳೆ ದಾಟುವ ಪ್ರತಿ ಕಡವಿಗೂ ಎರಡೂ ದಡದ ಮೇಲೆ ಅಧಿಕಾರವಿರುವ ಒಬ್ಬ ಹೊಣೆಗಾರ, ಮತ್ತು ಎರಡೂ ಕಡೆಯವರು ಸಹಿ ಹಾಕಿದ ಒಂದೇ ಲಿಖಿತ ಆದೇಶ. ಆ ಆದೇಶದಲ್ಲಿ ಏನಿರಬೇಕು, ಯಾಕಿರಬೇಕು ಎಂಬುದನ್ನು ಕೆಳಗೆ ವಿವರವಾಗಿ ಬರೆದಿದ್ದೇವೆ.

ಮೊದಲು ಟಿಕೆಟ್ ಕಿಟಕಿಯ ಲೆಕ್ಕ. ಮಿತಿಮೀರಿ ಜನ ಹತ್ತಿದಾಗ ಬೈಗುಳವೆಲ್ಲ ಅಂಬಿಗನ ಪಾಲಿಗೆ. ಆದರೆ ಆ ದೋಣಿಯನ್ನು ಮೂರು ಗಂಟೆ ಮುಂಚೆಯೇ ಟಿಕೆಟ್ ಕಿಟಕಿ ತುಂಬಿಸಿರುತ್ತದೆ. 12 ಜನರ ದೋಣಿ ಎಂದಿಟ್ಟುಕೊಳ್ಳಿ. ಹತ್ತಿಸಲು 4 ನಿಮಿಷ, ದಾಟಲು ಒಂದೂವರೆ, ಇಳಿಸಲು 3. ಹೋಗಿ ಬರಲು ಒಟ್ಟು 17 ನಿಮಿಷ. ಗಂಟೆಗೆ ಮೂರೂವರೆ ಸುತ್ತು, ಒಂದು ದಿಕ್ಕಿಗೆ 42 ಜನ. ಎರಡು ದೋಣಿ ಓಡಿದರೆ 84. ಮಧ್ಯಾಹ್ನ 3 ಗಂಟೆಗೆ ಆ ದಡದಲ್ಲಿ 300 ಜನ ಇದ್ದರೆ ಎಲ್ಲರೂ ಈಚೆ ಬರಲು ಮೂರೂವರೆ ಗಂಟೆ ಬೇಕು, ಅಂದರೆ ಸಂಜೆ ಆರೂವರೆ. ಡಿಸೆಂಬರಿನಲ್ಲಿ ನಮ್ಮ ಕಡೆ ಆರು ಗಂಟೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಕೊನೆಯ ನಲವತ್ತು ಮಂದಿಗೆ ಕತ್ತಲು, ಬೆನ್ನ ಹಿಂದೆ ಆನೆಕಾಡು. 12ರ ದೋಣಿಗೆ 18 ಜನ ನುಗ್ಗುವುದು ಆ ಹೊತ್ತಿನಲ್ಲಿ. ಆಗ ಅಂಬಿಗ ಬೇಡವೆಂದರೂ ಯಾರೂ ಕೇಳುವುದಿಲ್ಲ.

ಆದ್ದರಿಂದ ಟಿಕೆಟ್ ನಿಲ್ಲಿಸುವ ಸೂತ್ರ ಗೋಡೆಯ ಮೇಲೆ ಬರೆದಿರಬೇಕು. ಕೊನೆಯ ದೋಣಿಯ ಸಮಯ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಇರಲಿ. ಅಲ್ಲಿಯವರೆಗೆ ಉಳಿದ ಗಂಟೆಗಳನ್ನು 84ರಿಂದ ಗುಣಿಸಿದರೆ ಆ ಹೊತ್ತಿನಲ್ಲಿ ಆ ದಡದಲ್ಲಿ ಎಷ್ಟು ಜನ ಇರಬಹುದೆಂಬುದು ಸಿಗುತ್ತದೆ. ಕೊನೆಯ ದೋಣಿ 5.15ಕ್ಕೆ ಎಂದಾದರೆ 3 ಗಂಟೆಗೆ 189, 4 ಗಂಟೆಗೆ 105. ಒಂದು ದೋಣಿ ಕೆಟ್ಟು ನಿಂತ ಗಳಿಗೆಯಲ್ಲೇ ಈ ಅಂಕಿ ಅರ್ಧಕ್ಕೆ ಇಳಿಯಬೇಕು. ಹೊಸ ಟಿಕೆಟ್ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ, ಆಚೆ ಇರುವವರನ್ನು ಮೊದಲು ಕರೆತರಬೇಕು.

ಆಚೆ ಎಷ್ಟು ಜನ ಇದ್ದಾರೆಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ, ನಂಬರ್ ಕೊರೆದ ಬಿಲ್ಲೆ ಸಾಕು. ಹತ್ತುವಾಗ ತಲೆಗೊಂದು ಬಿಲ್ಲೆ, ತಿರುಗಿ ಬಂದಾಗ ವಾಪಸ್. ಹಲಗೆಗೆ ಹೊಡೆದ ಮೊಳೆಗಳಲ್ಲಿ ಖಾಲಿ ಇರುವ ಮೊಳೆ ಎಣಿಸಿದರೆ ಆಚೆ ಇರುವ ಜನರ ಲೆಕ್ಕ ಸಿಕ್ಕಿತು. ಕೊನೆಯ ದೋಣಿ ಬಂದ ಮೇಲೂ ಒಂದು ಮೊಳೆ ಖಾಲಿ ಉಳಿದರೆ ಒಬ್ಬರು ಆಚೆ ಇದ್ದಾರೆ, ಇಲ್ಲವೇ ನೀರಿಗೆ ಬಿದ್ದಿದ್ದಾರೆ. ಎರಡರಲ್ಲಿ ಯಾವುದಾದರೂ ಆಗಲೇ ಹುಡುಕಬೇಕಾದ ವಿಷಯ. ಹೋದವರು ಅದೇ ದಾರಿಯಲ್ಲಿ ಹಿಂತಿರುಗದ ಜಿಲ್ಲಾ ಗಡಿಯ ಕಡವುಗಳಲ್ಲಿ ಬಿಲ್ಲೆ ನಡೆಯುವುದಿಲ್ಲ. ಅಲ್ಲಿ ಪ್ರತಿ ಸುತ್ತಿಗೂ ತಲೆ ಎಣಿಸಿ ಪುಸ್ತಕದಲ್ಲಿ ಬರೆಯಬೇಕು.

ಜಾತ್ರೆಯ ದಿನ ಈ ಲೆಕ್ಕ ಇನ್ನೂ ಬಿಗಿಯಾಗಿರಬೇಕು. ಹೋಗುವಾಗ ಜನ ಬೆಳಗಿನಿಂದ ಬಿಡಿಬಿಡಿಯಾಗಿ ಹೋಗುತ್ತಾರೆ, ಬರುವಾಗ ಎಲ್ಲರೂ ಒಟ್ಟಿಗೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅದು ಸಮುದ್ರ, ಇದು ಹೊಳೆ ಎಂದು ತಳ್ಳಿಹಾಕುವಂತಿಲ್ಲ. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ 22 ಜನರನ್ನು ಕಳೆದುಕೊಂಡದ್ದು ದಡಕ್ಕೆ ಹತ್ತಿರದ ನೀರಿನಲ್ಲೇ. ಮೀನು ಹಿಡಿಯುವ ದೋಣಿಯನ್ನು ಪ್ರವಾಸಿಗರಿಗೆಂದು ಮಾರ್ಪಡಿಸಿದ್ದರು, ಮಿತಿಗಿಂತ ಹೆಚ್ಚು ಜನ ಹತ್ತಿದ್ದರು, ಕತ್ತಲಾಗಿತ್ತು.

ಇನ್ನು ಭಾರದ ವಿಚಾರ. ಇಲ್ಲಿ ಕಣ್ಣು ಮೋಸ ಹೋಗುತ್ತದೆ, ಹಾಗಾಗಿ ಅಂಕಿಗಳನ್ನೇ ಕೊಡುತ್ತೇವೆ. 8 ಮೀಟರ್ ಉದ್ದ, 1.8 ಮೀಟರ್ ಅಗಲದ ದೋಣಿಯ ತುದಿಗಳು ಚೂಪಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಸುಮಾರು 10.8 ಚದರ ಮೀಟರ್. ಅದರ ಮೇಲೆ 108 ಕಿಲೋ ಹೇರಿದರೆ 1 ಸೆಂಟಿಮೀಟರ್ ಮುಳುಗುತ್ತದೆ. ತಲೆಗೆ 75 ಕಿಲೋ ಹಿಡಿದರೆ, ಆರು ಜನ ಹೆಚ್ಚಾಗಿ ಹತ್ತಿದರೂ ದೋಣಿ ಇಳಿಯುವುದು 4 ಸೆಂಟಿಮೀಟರ್, ಎರಡು ಬೆರಳಗಲ. ದಡದಲ್ಲಿ ನಿಂತವರಿಗೆ ಏನೂ ಆದಂತೆ ಕಾಣುವುದಿಲ್ಲ. ‘ಇನ್ನೂ ನಾಲ್ಕು ಜನ ಆಗುತ್ತಾರಲ್ಲ’ ಎಂಬ ಮಾತು ಹುಟ್ಟುವುದೇ ಇದರಿಂದ.

ಅಪಾಯ ಇರುವುದು ಅಡ್ಡಕ್ಕೆ ವಾಲುವುದರಲ್ಲಿ. ಖಾಲಿ ದೋಣಿ 1100 ಕಿಲೋ, 12 ಜನ 900 ಕಿಲೋ, ಒಟ್ಟು 2000 ಎಂದುಕೊಳ್ಳೋಣ. ಎಲ್ಲರೂ ಕೂತಿರುವಾಗ ನೀರಿಗಿಳಿದ ಆನೆಯನ್ನು ನೋಡಲು ಆರು ಜನ ಒಂದು ಪಕ್ಕಕ್ಕೆ 60 ಸೆಂಟಿಮೀಟರ್ ಸರಿದರೆ ಇಷ್ಟು ಅಳತೆಯ ದೋಣಿ ಸುಮಾರು 16 ಡಿಗ್ರಿ ವಾಲುತ್ತದೆ, ಆ ಬದಿಯ ಅಂಚು 24 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಂಚು ನೀರಿನಿಂದ 35 ಸೆಂಟಿಮೀಟರ್ ಮೇಲಿದ್ದರೆ ಉಳಿದದ್ದು 11. ಅದೇ 12 ಜನ ಎದ್ದು ನಿಂತಿದ್ದರೆ ಭಾರದ ನಡುಬಿಂದು ಮೇಲೇರಿ, ಅದೇ ಆರು ಜನ ಅಷ್ಟೇ ಸರಿದರೂ ದೋಣಿ 22 ಡಿಗ್ರಿ ವಾಲುತ್ತದೆ. ಅಂಚು ಇಳಿಯುವುದು 33 ಸೆಂಟಿಮೀಟರ್. ಉಳಿದದ್ದು 2. ಪಕ್ಕದಲ್ಲಿ ಇನ್ನೊಂದು ದೋಣಿ ಹಾದುಹೋದ ಅಲೆ ಸಾಕು, ನೀರು ಒಳಗೆ ಬರುತ್ತದೆ. ಜನರ ಸಂಖ್ಯೆ ಒಂದೂ ಹೆಚ್ಚಿಲ್ಲ ಎಂಬುದನ್ನು ಗಮನಿಸಿ. ಕೂತಿರುವುದಕ್ಕೂ ನಿಂತಿರುವುದಕ್ಕೂ ಇರುವ ವ್ಯತ್ಯಾಸ ಅಷ್ಟು. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಕಾಡುಪ್ರಾಣಿ ನೋಡಲು ಜನ ಒಂದು ಬದಿಗೆ ನುಗ್ಗಿದಾಗ ಎರಡಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ದುಬಾರೆಯಲ್ಲೂ ಜನ ದೋಣಿ ಹತ್ತುವುದು ಆನೆ ನೋಡಲಿಕ್ಕೇ.

ಈ ಅಂಕಿಗಳು ದೋಣಿಯಿಂದ ದೋಣಿಗೆ ಬದಲಾಗುತ್ತವೆ. ಆದ್ದರಿಂದ ಪರವಾನಗಿ ಕೊಡುವ ಮುಂಚೆ ಪ್ರತಿ ದೋಣಿಯನ್ನೂ ನಿಂತ ನೀರಿನಲ್ಲಿ ಪರೀಕ್ಷಿಸಬೇಕು. ವಿಧಾನ ಸರಳ. ಪ್ರಯಾಣಿಕರ ಬದಲು ತಲಾ 75 ಕಿಲೋ ಮರಳಿನ ಚೀಲಗಳನ್ನು ಸೀಟಿನ ಮೇಲಿಡಿ, ನೆಲದ ಮೇಲಲ್ಲ. ಅರ್ಧದಷ್ಟು ಚೀಲಗಳನ್ನು ಒಂದು ಬದಿಗೆ ಸರಿಸಿ. ಆಗ ಆ ಬದಿಯ ಅಂಚು ನೀರಿನಿಂದ 10 ಸೆಂಟಿಮೀಟರ್ ಮೇಲೆ ಉಳಿಯದಿದ್ದರೆ ಜನರ ಸಂಖ್ಯೆ ಇಳಿಸಿ ಮತ್ತೆ ನೋಡಿ. ಉಳಿಯುವ ಸಂಖ್ಯೆಯೇ ಆ ದೋಣಿಯ ಮಿತಿ. ಅದನ್ನು ಎರಡೂ ಪಕ್ಕದಲ್ಲಿ ಒಂದು ಅಡಿ ಎತ್ತರದ ಕನ್ನಡ ಅಂಕಿಯಲ್ಲೂ ಇಂಗ್ಲಿಷ್ ಅಂಕಿಯಲ್ಲೂ ಬರೆಯಿಸಿ, ತುಂಬಿದ ದೋಣಿ ನೀರಿನಲ್ಲಿ ಎಲ್ಲಿಯವರೆಗೆ ಮುಳುಗಬಹುದೋ ಅಲ್ಲಿ ಬಿಳಿ ಗೆರೆ ಎಳೆಯಿರಿ. ಗೆರೆ ಕಾಣದಿದ್ದರೆ ದೋಣಿ ಹೊರಡಬಾರದು. ದಡದಲ್ಲಿ ನಿಂತ ಶಾಲೆಯ ಮಗುವೂ ಆ ತಪ್ಪು ಹಿಡಿಯಬಹುದು.

ಸಾಮಾನಿನ ಭಾರವನ್ನೂ ತಲೆಯ ಲೆಕ್ಕಕ್ಕೆ ಇಳಿಸಬೇಕು. ಕಾಫಿ ಮೂಟೆ 50 ಕಿಲೋ, ಮೂರು ಮೂಟೆ ಎಂದರೆ ಇಬ್ಬರು. ಬೈಕ್ ಹತ್ತಿಸಿದರೆ ಒಂದೂವರೆ ಜನರಿಗಿಂತ ಹೆಚ್ಚು ಭಾರ, ಅದೂ ನೆಟ್ಟಗೆ ನಿಂತು ಭಾರವನ್ನು ಮೇಲೆತ್ತುವಂಥದ್ದು. ಜನರಿರುವ ಸುತ್ತಿನಲ್ಲಿ ಬೈಕ್ ಬೇಡವೇ ಬೇಡ. ದೋಣಿಯೊಳಗೆ ನಿಂತ ನೀರನ್ನು ಯಾರೂ ಭಾರವೆಂದು ಎಣಿಸುವುದಿಲ್ಲ. 100 ಲೀಟರ್ ನೀರು 100 ಕಿಲೋ, ಮತ್ತು ಈ 100 ಕಿಲೋ ಕೂತಲ್ಲಿ ಕೂರುವುದಿಲ್ಲ. ದೋಣಿ ಎತ್ತ ವಾಲಿತೋ ಅತ್ತಲೇ ಹರಿದು ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪ್ರತಿ ಸುತ್ತಿಗೂ ಮುಂಚೆ ನೀರು ಮೊಗೆದು ಹಾಕುವುದು ಚೊಕ್ಕಟಕ್ಕಾಗಿ ಅಲ್ಲ, ಸಮತೋಲಕ್ಕಾಗಿ. ಹರಿಗೋಲಿಗೆ ಬೇರೆಯೇ ನಿಯಮ ಬೇಕು. ಪ್ರಯಾಣಿಕರ ಖುಷಿಗೆಂದು ಅದನ್ನು ಹೊಳೆಯ ನಡುವೆ ಗಿರಗಿರ ತಿರುಗಿಸುವುದನ್ನು ಪೂರ್ತಿ ನಿಷೇಧಿಸಿ.

ಈಗ ನೀರಿನ ಮಾತು. ದೋಣಿ ಯಾವಾಗ ನಿಲ್ಲಿಸಬೇಕೆಂಬುದು ಇವತ್ತು ಕಣ್ಣಂದಾಜಿನ ವಿಷಯ. ಅನುಭವಿ ಅಂಬಿಗನ ಅಂದಾಜು ಬಹಳ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಬಸ್ಸಿನಲ್ಲಿ ಬಂದ ಐವತ್ತು ಜನ ಎದುರು ನಿಂತು ಒತ್ತಾಯಿಸಿದಾಗ ಅಂದಾಜು ಸೋಲುತ್ತದೆ, ಅಳತೆ ಸೋಲುವುದಿಲ್ಲ.

ಹೊಳೆಯ ಸೆಳವಿಗೆ ಎದುರಾಗಿ ದೋಣಿಯ ಮೂತಿಯನ್ನು ಸ್ವಲ್ಪ ಮೇಲ್ಮುಖವಾಗಿ ತಿರುಗಿಸಿದರೆ ಮಾತ್ರ ನೇರ ಆಚೆ ದಡ ಸೇರಲು ಸಾಧ್ಯ. ದೋಣಿಯ ವೇಗ ಸೆಕೆಂಡಿಗೆ 2 ಮೀಟರ್, ಹೊಳೆಯ ಅಗಲ 100 ಮೀಟರ್ ಎಂದಿಟ್ಟುಕೊಳ್ಳಿ. ಸೆಳವು ಸೆಕೆಂಡಿಗೆ 1 ಮೀಟರ್ ಇದ್ದರೆ ಮೂತಿಯನ್ನು 30 ಡಿಗ್ರಿ ತಿರುಗಿಸಬೇಕು, ದಾಟಲು 58 ಸೆಕೆಂಡ್ ಬೇಕು. ಸೆಳವು ಒಂದೂವರೆ ಮೀಟರ್ ಆದರೆ 49 ಡಿಗ್ರಿ, 76 ಸೆಕೆಂಡ್. 1.8 ಆದರೆ 64 ಡಿಗ್ರಿ, ಹತ್ತಿರ ಹತ್ತಿರ ಎರಡು ನಿಮಿಷ. 2 ಮೀಟರ್ ಮುಟ್ಟಿತೆಂದರೆ ಎಷ್ಟು ತಿರುಗಿಸಿದರೂ ದೋಣಿ ನೇರ ದಾಟುವುದಿಲ್ಲ, ಕೊಚ್ಚಿಕೊಂಡೇ ಹೋಗುತ್ತದೆ. ಒಂದರಿಂದ ಒಂದೂವರೆಗೆ ಏರುವಾಗ ಕಷ್ಟ ಸ್ವಲ್ಪ, ಒಂದೂವರೆಯಿಂದ ಎರಡಕ್ಕೆ ಏರುವಾಗ ದಾರಿಯೇ ಮುಚ್ಚಿಹೋಗುತ್ತದೆ. ಬಂಡೆಗೋ ಬಿದಿರು ಮೆಳೆಗೋ ಸಿಕ್ಕಿಕೊಂಡ ದೋಣಿಯ ಮೇಲೆ ನೀರಿನ ಒತ್ತಡವೂ ಹಾಗೆಯೇ ಏರುತ್ತದೆ: ಸೆಳವು ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಹಾಗಾಗಿ ತುಂಬಿದ ದೋಣಿಯ ವೇಗದ ಅರ್ಧವನ್ನು ಸೆಳವು ಮುಟ್ಟಿದಾಗಲೇ ಕಡವು ನಿಲ್ಲಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಹುಟ್ಟು ಹಾಕುವ ದೋಣಿಗೆ ಈ ಮಿತಿ ಇನ್ನೂ ಬೇಗ ಬರುತ್ತದೆ.

ಸೆಳವು ಅಳೆಯಲು ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಸಾಕು. ದಡದಲ್ಲಿ 20 ಮೀಟರ್ ಅಂತರದಲ್ಲಿ ಎರಡು ಗೂಟ ನೆಡಿ. ಮೇಲಿನ ಗೂಟಕ್ಕಿಂತ ಸ್ವಲ್ಪ ಮೇಲೆ, ದೋಣಿ ಹಾಯುವ ಸೆಳವಿಗೆ ಕಾಯಿ ಎಸೆಯಿರಿ. ಒಂದು ಗೂಟದಿಂದ ಇನ್ನೊಂದಕ್ಕೆ 20 ಸೆಕೆಂಡ್ ಹಿಡಿದರೆ ಸೆಳವು 1 ಮೀಟರ್. 13 ಸೆಕೆಂಡಿಗೇ ಬಂದರೆ ಒಂದೂವರೆ. ಮೂರು ಸಲ ಎಸೆದು, ಮೂರರಲ್ಲಿ ಹೆಚ್ಚು ವೇಗ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ದಡದ ಪಕ್ಕದ ನಿಧಾನದ ನೀರಿನಲ್ಲಿ ಎಸೆದು ಸಮಾಧಾನಪಟ್ಟುಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು.

ದಿನವೂ ಕಾಯಿ ಎಸೆಯುವುದು ಕಷ್ಟವಾದ್ದರಿಂದ ಅದನ್ನು ನೀರಿನ ಮಟ್ಟಕ್ಕೆ ಜೋಡಿಸಬೇಕು. ಎರಡೂ ದಡದಲ್ಲಿ ಸೆಂಟಿಮೀಟರ್ ಗುರುತಿನ ಅಳತೆ ಪಟ್ಟಿ ನೆಟ್ಟು, ಎರಡರ ಸೊನ್ನೆಯನ್ನೂ ಒಂದೇ ಮಟ್ಟಕ್ಕೆ ಹೊಂದಿಸಿ. ಒಂದು ಮಳೆಗಾಲವಿಡೀ ಬೆಳಿಗ್ಗೆ ಸಂಜೆ ಮಟ್ಟವನ್ನೂ ಕಾಯಿಯ ಸೆಕೆಂಡನ್ನೂ ಪುಸ್ತಕದಲ್ಲಿ ಬರೆದರೆ, ಯಾವ ಮಟ್ಟಕ್ಕೆ ಸೆಳವು ಮಿತಿ ಮುಟ್ಟುತ್ತದೆಂದು ತಿಳಿಯುತ್ತದೆ. ಅಲ್ಲಿ ಕೆಂಪು ಪಟ್ಟಿ ಬಳಿಯಿರಿ. ಅದಕ್ಕೆ 30 ಸೆಂಟಿಮೀಟರ್ ಕೆಳಗೆ ಹಳದಿ. ಹಳದಿಯಲ್ಲಿ ಅರ್ಧ ಜನ, ಕೆಂಪಿನಲ್ಲಿ ದೋಣಿ ದಡದ ಮೇಲೆ. ಮಟ್ಟ ಎಷ್ಟೇ ಇರಲಿ, ಅರ್ಧ ಗಂಟೆಯಲ್ಲಿ 10 ಸೆಂಟಿಮೀಟರ್ ಏರಿದರೆ ನಿಲ್ಲಿಸಬೇಕು. ಏರುವ ನೀರು ದಡದಲ್ಲಿ ಬಿದ್ದಿದ್ದ ದಿಮ್ಮಿ, ಬಿದಿರು, ಬೇರು ಸಮೇತ ಮರಗಳನ್ನು ಎತ್ತಿಕೊಂಡು ಬರುತ್ತದೆ. ಇಳಿಯುವ ನೀರಿನಲ್ಲಿ ಅಷ್ಟು ಇರುವುದಿಲ್ಲ. ಪುಷ್ಯ, ಆಶ್ಲೇಷ ಮಳೆಗಳ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ದಿನಗಳಲ್ಲಿ ಈ ಮಾತೇ ಏಳುವುದಿಲ್ಲ, ದೋಣಿ ಮೇಲೆಯೇ ಇರುತ್ತದೆ. ಎಚ್ಚರ ಬೇಕಾದದ್ದು ಜೂನ್ ಮೊದಲ ವಾರಗಳಲ್ಲಿ ಮತ್ತು ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಆಸುಪಾಸಿನಲ್ಲಿ. ಕಡವಿನಲ್ಲಿ ಬಿಸಿಲು, ಮೇಲೆ ಭಾಗಮಂಡಲದ ಕಡೆ ಮೋಡ ಒಡೆದಿರುವ ದಿನಗಳು ಅವು.

ಇಲ್ಲೊಂದು ವ್ಯತ್ಯಾಸವನ್ನು ಆದೇಶ ಬರೆಯುವವರು ಮರೆಯಬಾರದು. ದುಬಾರೆಗೆ ಬರುವ ಕಾವೇರಿಗೆ ಮೇಲೆ ದೊಡ್ಡ ಅಣೆಕಟ್ಟೆಯ ತಡೆಯಿಲ್ಲ, ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯೇ ನೇರ ಇಳಿಯುತ್ತದೆ. ಕುಡಿಗೆಯಿಂದ ಕೆಳಗೆ ಹಾಗಲ್ಲ. ಅಲ್ಲಿ 8.5 ಟಿಎಂಸಿ ಹಿಡಿಯುವ ಹಾರಂಗಿ ಜಲಾಶಯದಿಂದ ಬಿಟ್ಟ ನೀರೂ ಸೇರುತ್ತದೆ. ಗೇಟು ತೆರೆದರೆ ಮಳೆಯಿಲ್ಲದ ದಿನವೂ ಕಣಿವೆಯಲ್ಲಿ ಹೊಳೆ ಏರುತ್ತದೆ. ಆದ್ದರಿಂದ ದುಬಾರೆಗೆ ಬೇಕಾದದ್ದು ಮೇಲಿನ ಮಳೆಯ ಸುದ್ದಿ, ಕಣಿವೆ, ಹೆಬ್ಬಾಲೆ ಕಡೆಗೆ ಬೇಕಾದದ್ದು ಗೇಟಿನ ಸುದ್ದಿ. ನೀರಾವರಿ ಇಲಾಖೆ ನೀರು ಬಿಡುವ ಮುಂಚೆ ಎಚ್ಚರಿಕೆ ಕೊಡುವಾಗ ಕಡವಿನ ಹೊಣೆಗಾರರ ನಂಬರು ಆ ಪಟ್ಟಿಯಲ್ಲಿರಲಿ, ಮೈಸೂರು ದಡದವರದೂ ಇರಲಿ. ಮೇಲಿನ ಮಳೆಗೆ ಹೊಸ ಯಂತ್ರ ಬೇಕಿಲ್ಲ. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಮಾಪಕ ಇದೆ. ಬೆಳಿಗ್ಗೆ ಎದ್ದು ಇಂಚು, ಸೆಂಟು ಲೆಕ್ಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳದ್ದು. ಭಾಗಮಂಡಲ, ಅಯ್ಯಂಗೇರಿ, ನಾಪೋಕ್ಲು, ಮೂರ್ನಾಡು ಕಡೆಯ ಹತ್ತು ಬೆಳೆಗಾರರು ಬೆಳಿಗ್ಗೆ ಏಳಕ್ಕೆ ಒಂದು ಸಾಲು ಸಂದೇಶ ಕಳಿಸಿದರೆ, ಎಷ್ಟು ಇಂಚಿಗೆ ಎಷ್ಟು ಹೊತ್ತಿನ ಮೇಲೆ ಕಡವಿನಲ್ಲಿ ಎಷ್ಟು ಸೆಂಟಿಮೀಟರ್ ಏರುತ್ತದೆಂದು ಒಂದೇ ಮಳೆಗಾಲದಲ್ಲಿ ಕಂಡುಕೊಳ್ಳಬಹುದು. ಕುಡಿಗೆಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೂ ಇದೆ, ಅದರ ಅಂಕಿಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಚಳಿಗಾಲದ ಬೆಳಿಗ್ಗೆ ಮಂಜು ಇಳಿದಾಗ ನಿಯಮ ಒಂದೇ ಸಾಲಿನದ್ದು: ಈ ದಡದಿಂದ ಆ ದಡದ ಅಳತೆ ಪಟ್ಟಿ ಕಾಣದಿದ್ದರೆ ದೋಣಿ ಇಲ್ಲ.

ಇನ್ನು ಹತ್ತುವ ಇಳಿಯುವ ಜಾಗ. ಜನ ನೀರಿಗೆ ಬೀಳುವುದು ಹೆಚ್ಚಾಗಿ ಹೊಳೆಯ ನಡುವೆ ಅಲ್ಲ, ದಡಕ್ಕೆ ಒಂದು ಹೆಜ್ಜೆ ಇರುವಾಗ. ದೋಣಿ ಕಟ್ಟುವ ಮುಂಚೆಯೇ ಎಲ್ಲರೂ ಏಳುತ್ತಾರೆ. ಮುಂದಿನವನು ದಡಕ್ಕೆ ಜಿಗಿದಾಗ ದೋಣಿ ಹಿಂದಕ್ಕೆ ಸರಿಯುತ್ತದೆ, ಎರಡನೆಯವನ ಕಾಲು ಸಂದಿಗೆ ಹೋಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ. ದೋಣಿ ಮೂತಿಯನ್ನು ಸೆಳವಿಗೆ ಎದುರಾಗಿ ಇಟ್ಟುಕೊಂಡೇ ದಡಕ್ಕೆ ಬರಬೇಕು. ಬಾಲ ಸೆಳವಿಗೆ ಸಿಕ್ಕರೆ ದೋಣಿ ಅಡ್ಡ ತಿರುಗುತ್ತದೆ. ಮೊದಲು ಮೂತಿಯ ಹಗ್ಗ, ಆಮೇಲೆ ಬಾಲದ ಹಗ್ಗ. ಬಿಡಿಸುವಾಗ ಇದರ ತಿರುವುಮುರುವು. ಎರಡೂ ಹಗ್ಗ ಬಿದ್ದ ಮೇಲೆ ದಡದಲ್ಲಿ ನಿಂತ ಸಹಾಯಕ ಕೈ ಎತ್ತಿ ಹೇಳುವವರೆಗೆ ಯಾರೂ ಏಳಬಾರದು. ಹತ್ತುವಾಗ ನಡುವಿನ ಸೀಟು ಮೊದಲು ತುಂಬಬೇಕು, ಎಡಕ್ಕೊಬ್ಬರು ಬಲಕ್ಕೊಬ್ಬರು. ಇಳಿಯುವಾಗ ಮೂತಿಯ ಕಡೆಯಿಂದ ಒಬ್ಬೊಬ್ಬರು, ಹಿಂದಿನವರು ಕೂತೇ ಇರಬೇಕು. ಇದಕ್ಕೆ ಎರಡೂ ದಡದಲ್ಲಿ ತಲಾ ಒಬ್ಬ ಸಹಾಯಕ ಬೇಕು. ಈಗಿನ ತೊಡಕೇ ಇಲ್ಲಿದೆ: ಆ ದಡದ ಸಹಾಯಕನ ಸಂಬಳ ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಗಡಿಯಲ್ಲಿ ನಿಂತುಬಿಡುತ್ತದೆ. ಜಂಟಿ ಆದೇಶದಲ್ಲಿ ಅದನ್ನು ಟಿಕೆಟ್ ಹಣದಿಂದಲೇ ಕೊಡುವಂತೆ ಬರೆಯಿರಿ.

ಹೊಳೆಯ ಮಟ್ಟ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಒಂದೇ ಎತ್ತರದ ಕಟ್ಟೆ ಕಟ್ಟಿದರೆ ವರ್ಷದಲ್ಲಿ ಕೆಲವೇ ವಾರ ಉಪಯೋಗ. 15 ಸೆಂಟಿಮೀಟರ್ ಎತ್ತರದ ಅಗಲ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಕೊಳವೆ, ಮೆಟ್ಟಿಲಿನ ಮೇಲೆ ಒರಟು ಗಾರೆ. ನಯವಾದ ಟೈಲ್ಸ್ ಹಾಕಿ ಚಂದ ಮಾಡಬೇಡಿ. ನಮ್ಮ ಮಳೆಗೆ ಒಂದೇ ತಿಂಗಳಲ್ಲಿ ಪಾಚಿ ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಾಗ ದುಬಾರೆಯಲ್ಲಿ ಜನ ನಡೆದೇ ದಾಟಲು ಇಳಿಯುತ್ತಾರೆ. ಬಂಡೆಗಳ ನಡುವಿನ ಮಡು ಮೇಲಿನಿಂದ ಕಾಣುವುದಿಲ್ಲ. ನಡೆಯಲು ಬಿಡುವುದಾದರೆ ದಾರಿಯನ್ನು ಗುರುತಿಸಿ ಒಂದೇ ಸಾಲಾಗಿ ಬಿಡಿ, ಇಲ್ಲವೇ ತಡೆಯಿರಿ. ಹೊಳೆಗೆ ಅಡ್ಡ ಹಗ್ಗ ಕಟ್ಟುವ ಸಲಹೆ ಆಗಾಗ ಕೇಳಿಬರುತ್ತದೆ. ರಾಫ್ಟಿಂಗ್ ನಡೆಯುವ ಹೊಳೆಯಲ್ಲಿ ಅದು ಬೇಡ, ಕತ್ತಿನ ಎತ್ತರದ ಹಗ್ಗ ಕೊಲೆಗಡುಕ.

ಲೈಫ್ ಜಾಕೆಟ್ ಎಲ್ಲರ ಮೈಮೇಲೂ ಕಾಣುತ್ತದೆ, ತೇಲಿಸುತ್ತದೆಯೇ ಎಂದು ನೋಡುವವರು ಕಡಿಮೆ. ದಿನವಿಡೀ ಒದ್ದೆಯಾಗಿ, ರಾಶಿ ಹಾಕಿ, ಅದರ ಮೇಲೆಯೇ ಕೂತು ಒಳಗಿನ ಫೋಮ್ ಚಪ್ಪಟೆಯಾಗಿರುತ್ತದೆ. ಪರೀಕ್ಷೆ ಇದು: ರೇಷನ್ ಅಂಗಡಿಯಲ್ಲಿರುವಂಥ 10 ಕಿಲೋ ಕಬ್ಬಿಣದ ತೂಕದ ಕಲ್ಲನ್ನು ಜಾಕೆಟ್ಟಿಗೆ ಕಟ್ಟಿ ತೊಟ್ಟಿಯಲ್ಲಿ ಬಿಡಿ. ನೀರಿನಲ್ಲಿ ಆ ಕಲ್ಲು ಸುಮಾರು 8.6 ಕಿಲೋ ತೂಗುತ್ತದೆ. 100 ನ್ಯೂಟನ್ (ಸುಮಾರು 10 ಕಿಲೋ ಭಾರ ಹೊರುವಷ್ಟು) ತೇಲುಬಲದ ಜಾಕೆಟ್ಟಾದರೆ ಅದನ್ನು ಹೊತ್ತು 24 ಗಂಟೆಯ ನಂತರವೂ ತೇಲುತ್ತಿರಬೇಕು. ಮುಳುಗಿದ ಜಾಕೆಟ್ಟನ್ನು ಕತ್ತರಿಸಿ ಎಸೆಯಿರಿ. ಮೂಲೆಯಲ್ಲಿಟ್ಟರೆ ಜನ ಹೆಚ್ಚಾದ ದಿನ ಅದೇ ಹೊರಗೆ ಬರುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ತೊಡೆಯ ನಡುವೆ ಹಾಯುವ ಪಟ್ಟಿಯಿರುವ ಸಣ್ಣ ಅಳತೆಯವು ದೋಣಿಯ ಮಿತಿಯ ಮೂರನೇ ಒಂದು ಭಾಗದಷ್ಟಾದರೂ ಇರಲಿ. ಜಾಕೆಟ್ ಕಟ್ಟುವುದು ಟಿಕೆಟ್ ಸಾಲಿನಲ್ಲೇ ಆಗಬೇಕು. ದೋಣಿಯಲ್ಲಿ ನಿಂತು ಕಟ್ಟಿಕೊಳ್ಳುವುದೆಂದರೆ ಮೇಲೆ ಹೇಳಿದ 2 ಸೆಂಟಿಮೀಟರಿನ ಸ್ಥಿತಿಯೇ.

ಮೋಟಾರಿನ ಬಗ್ಗೆ ಚುಟುಕಾಗಿ. ನಮ್ಮ ಹೊಳೆಯಲ್ಲಿ ಕಲ್ಲು ಹೆಚ್ಚು. ಫ್ಯಾನು ಬಂಡೆಗೆ ತಾಗಿದಾಗ ತುಂಡಾಗಿ ಎಂಜಿನ್ ಉಳಿಸಲೆಂದೇ ಶಿಯರ್ ಪಿನ್ ಹಾಕಿರುತ್ತಾರೆ. ಅದರ ಬದಲು ಗಟ್ಟಿ ಮೊಳೆ ತುರುಕಿದರೆ ಮುಂದಿನ ಸಲ ಗೇರ್ ಒಡೆಯುತ್ತದೆ, ಅದೂ ಹೊಳೆಯ ನಡುವೆ. ಎರಡು ಪಿನ್, ಒಂದು ಪ್ಲಗ್, ಸ್ಟಾರ್ಟರ್ ಹಗ್ಗ, ಅವುಗಳ ಜೊತೆ ಎರಡು ಹುಟ್ಟು, ಒಂದು ಲಂಗರು, 20 ಮೀಟರ್ ಎಸೆಯುವ ಹಗ್ಗ ಪ್ರತಿ ಸುತ್ತಿನಲ್ಲೂ ದೋಣಿಯಲ್ಲಿರಬೇಕು. ಚಾಲಕನ ಮಣಿಕಟ್ಟಿಗೆ ಕಟ್ಟುವ ನಿಲುಗಡೆ ದಾರ ಕಟ್ಟಿರಲೇಬೇಕು. ಅವನು ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ.

ಕಾನೂನು ಅಡ್ಡಿ ಎಂದು ಯಾರೂ ಹೇಳುವಂತಿಲ್ಲ. ಕಡವು, ದೋಣಿ ಸಂಚಾರ ಸಂವಿಧಾನದ ರಾಜ್ಯಪಟ್ಟಿಯ 13ನೇ ನಮೂದಿನಲ್ಲಿವೆ. ಹನ್ನೊಂದನೇ ಅನುಸೂಚಿಯ 13ನೇ ನಮೂದು ಇದೇ ವಿಷಯವನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲೂ ಸೇರಿಸಿದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗೆ ತಪಾಸಣೆ, ನೋಂದಣಿ, ಚಾಲಕರಿಗೆ ಅರ್ಹತಾಪತ್ರ ಬೇಕು. ಒಂದು ರಾಜ್ಯದಲ್ಲಿ ಪಡೆದ ಪ್ರಮಾಣಪತ್ರ ಇನ್ನೊಂದು ರಾಜ್ಯದಲ್ಲೂ ನಡೆಯುತ್ತದೆ. ಬೈರಕುಪ್ಪದಂಥ ಕಡವಿಗೆ ಇದು ದೊಡ್ಡ ಅನುಕೂಲ. ಯಂತ್ರವಿಲ್ಲದ ದೋಣಿಗಳನ್ನು ಪಟ್ಟಿಮಾಡುವ ಕೆಲಸಕ್ಕೂ ಅದರಲ್ಲಿ ಅವಕಾಶವಿದೆ. ದೋಣಿ ಸುರಕ್ಷತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಆದರೆ ಅವರ ಆದೇಶ ತಮ್ಮ ಜಿಲ್ಲೆಯ ಗಡಿಗೆ ನಿಲ್ಲುತ್ತದೆ, ಕಡವು ನಿಲ್ಲುವುದಿಲ್ಲ. ಆದ್ದರಿಂದಲೇ ಎರಡು ಸಹಿ ಕೇಳುತ್ತಿದ್ದೇವೆ.

ಕೆಲಸದ ಕ್ರಮ ಹೀಗಿದ್ದರೆ ಆಗುತ್ತದೆ. ಫೆಬ್ರವರಿಯಲ್ಲಿ ನೀರು ತಗ್ಗಿರುವಾಗ ಎರಡೂ ಕಡೆಯ ಅಧಿಕಾರಿಗಳು, ಜಲಸಾರಿಗೆ ಇಲಾಖೆಯ ತಪಾಸಣಾಧಿಕಾರಿ, ಅಂಬಿಗರು ಸೇರಿ ಪ್ರತಿ ಕಡವನ್ನೂ ನಡೆದು ನೋಡಲಿ. ಬಂಡೆಗಳು ಆಗ ಎದ್ದು ಕಾಣುತ್ತವೆ, ದೋಣಿಯ ದಾರಿ ಗುರುತಿಸಲು ಅದೇ ಸಮಯ. ಮಾರ್ಚಿನಲ್ಲಿ ಮರಳು ಚೀಲದ ಪರೀಕ್ಷೆ ಮತ್ತು ಜಾಕೆಟ್ ತೊಟ್ಟಿ. ಏಪ್ರಿಲ್‌ನಲ್ಲಿ ಅಳತೆ ಪಟ್ಟಿ, ಮೆಟ್ಟಿಲು. ಮೇ 15ರೊಳಗೆ ಜಂಟಿ ಆದೇಶ ಕನ್ನಡದಲ್ಲಿ, ಬೈರಕುಪ್ಪದಲ್ಲಿ ಮಲಯಾಳದಲ್ಲೂ, ಎರಡೂ ದಡದ ಹಲಗೆಯ ಮೇಲೆ. ಅದರಲ್ಲಿ ಹೊಣೆಗಾರರ ಹೆಸರು, ಫೋನ್ ನಂಬರು, ಆ ಹೊತ್ತಿನ ಮಿತಿ, ತುರ್ತು ಕರೆಗೆ 112. ಅಂಬಿಗರ ಕೂಲಿ ಮಾತ್ರ ಸುತ್ತಿನ ಲೆಕ್ಕದಲ್ಲಾಗಲಿ ತಲೆಯ ಲೆಕ್ಕದಲ್ಲಾಗಲಿ ಇರಬಾರದು, ದಿನದ ಲೆಕ್ಕದಲ್ಲಿರಬೇಕು. ಕೆಂಪು ಪಟ್ಟಿ ಮುಟ್ಟಿ ದೋಣಿ ನಿಂತ ದಿನವೂ ಅದು ಕೈಗೆ ಬರಬೇಕು. ದೋಣಿ ನಿಲ್ಲಿಸಿದ್ದಕ್ಕೆ ಕೂಲಿ ಕಳೆದುಕೊಳ್ಳುವವನಿಂದ ದೋಣಿ ನಿಲ್ಲಿಸಲು ಹೇಳುವುದು ನ್ಯಾಯವಲ್ಲ.

ತಪಾಸಣೆಗೆ ಕರೆದ ದಿನ ಅಳತೆ ಪಟ್ಟಿ, ತೂಕದ ಕಲ್ಲು, ಮರಳಿನ ಚೀಲ ಹಿಡಿದು ನಾವು ಬರುತ್ತೇವೆ.

ಇಂತಿ,
ನಂಜರಾಯಪಟ್ಟಣ, ಕುಶಾಲನಗರ, ಹೆಬ್ಬಾಲೆ ಕಡೆಯ ದೋಣಿ ಕೆಲಸ ಬಲ್ಲವರು